ಇವರು ನಿಮಗೆ ಏನಾಗಬೇಕು?

ನಮ್ಮ ಕಡೆ ಇಬ್ಬರು ಜೊತೆಯಲ್ಲಿ ನಿಂತಿರುವುದನ್ನು ಕಂಡರೆ ಜನ ಸುಮ್ಮನೆ ಹೋಗುವುದಿಲ್ಲ. ಒಬ್ಬರನ್ನು ತೋರಿಸಿ ಇನ್ನೊಬ್ಬರನ್ನು ಕೇಳುತ್ತಾರೆ: "ಇವರು ನಿಮಗ ಏನಾಗಬೇಕ್ರಿ?" ಕಾಕಾ ಆಗಬೇಕು, ನೆಗೆಣ್ಣಿ ಆಗಬೇಕು, ಬೀಗರ ಕಡೆಯವರು ಆಗಬೇಕು, ಏನೋ ಒಂದು ಆಗಲೇಬೇಕು. ಏನೂ ಆಗದವರು ಪಕ್ಕದಲ್ಲಿ ಯಾಕೆ ನಿಲ್ಲುತ್ತಾರೆ? ಕೇಳುವವರಲ್ಲಿ ಕೆಟ್ಟ ಬುದ್ಧಿಯೇನೂ ಇರುವುದಿಲ್ಲ. ಚಹಾ ಕೊಡುವ ಮೊದಲು ಸಂಬಂಧ ಗೊತ್ತಿರಲಿ ಅಂತ ಅಷ್ಟೆ. ಈ ಪ್ರಶ್ನೆಗೆ ನಾನು ಬಾಗಲಕೋಟೆಯಲ್ಲಿ ಕೊಟ್ಟ ಉತ್ತರ ನೆನಪಾದಾಗೆಲ್ಲ ಈಗಲೂ ಕಿವಿ ಬಿಸಿಯಾಗುತ್ತದೆ. ಪಾಠ ಮಾಡುತ್ತ ಮಾಡುತ್ತ ನೆನಪಾಗಿ ಹಲಗೆಯ ಕಡೆ ತಿರುಗಿ ನಿಂತದ್ದುಂಟು.

ನಾನು ಹುನಗುಂದದ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ಮನೆ ಇಳಕಲ್ಲಿನಲ್ಲಿ. ಕೆಳಗೆ ಅವ್ವ ಮತ್ತು ನಾನು. ಮೇಲಿನ ಎರಡು ಕೋಣೆಗಳಲ್ಲಿ ಬಾಡಿಗೆಗೆ ಬಂದವಳು ಒಬ್ಬಳು. ಅವಳು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಸಕ್ಕರೆ ಕಾಯಿಲೆಯವರ ಮನೆಗಳಿಗೆ ಬೆಳಗಾಗುವ ಮೊದಲೇ ಹೋಗಿ, ಅವರು ಚಹಾ ಕುಡಿಯುವುದರೊಳಗೆ ರಕ್ತ ತೆಗೆದುಕೊಂಡು ಬರುತ್ತಿದ್ದಳು. ಓಣಿಯ ತುಂಬ ಅವಳಿಗೆ 'ರಕ್ತದ ಅಕ್ಕಾರು' ಅಂತಲೇ ಹೆಸರು. ಮಕ್ಕಳು ಹಟ ಮಾಡಿದರೆ ತಾಯಂದಿರು ಅವಳನ್ನು ಕರೆಯುತ್ತೇವೆಂದು ಹೆದರಿಸುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಅವಳು 'ಮ್ಯಾಲಿನಾಕಿ'.

ಅವಳು ಬಾಡಿಗೆಗೆ ಬಂದ ಮರುವರ್ಷದಿಂದ ಅವಳೂ ನಾನೂ ಗಂಡ ಹೆಂಡಿರ ಹಾಗೆ ಇದ್ದೆವು. ಇದನ್ನು ಇಷ್ಟು ನೇರವಾಗಿ ಬರೆಯುವುದು ಇದೇ ಮೊದಲು, ಬರೆದ ಮೇಲೆ ಒಮ್ಮೆ ಎದ್ದು ಹೋಗಿ ನೀರು ಕುಡಿದು ಬಂದೆ. ಮೇಲೆ ಹೋಗಲು ನನಗೊಂದು ನೆವ ಇತ್ತು. ಉತ್ತರ ಪತ್ರಿಕೆ ತಿದ್ದಬೇಕು, ಮೇಲೆ ಗಾಳಿ ಚೆನ್ನಾಗಿ ಬರುತ್ತದೆ. ವರ್ಷವಿಡೀ ಪರೀಕ್ಷೆ ನಡೆಯುವ ಕಾಲೇಜು ಯಾವುದು ಎಂದು ಅವ್ವ ಒಮ್ಮೆಯೂ ಕೇಳಲಿಲ್ಲ. ಕೇಳದಿದ್ದುದನ್ನು ನಾನು ಮುಗ್ಧತನ ಅಂದುಕೊಂಡೆ. ಓದಿದವಳೆಂಬ ಸೊಕ್ಕು, ಮತ್ತೇನು.

ಮೇಲಿನ ಮನೆಗೆ ಮೆಟ್ಟಿಲು ಹೊರಗಡೆಯಿಂದ. ಹಾಗಾಗಿ ಅವಳು ಕೆಳಗೆ ಬಂದರೆ ಮುಂಬಾಗಿಲಿಗೇ ಬರಬೇಕು. ಬಾಗಿಲು ಹಾರು ಹೊಡೆದಿದ್ದರೂ ಹೊಸ್ತಿಲ ಆಚೆ ನಿಂತು, "ಅಮ್ಮಾರ, ಅದೀರೇನ್ರಿ?" ಎನ್ನುತ್ತಿದ್ದಳು. ಅವ್ವ ಒಳಗಿನಿಂದ "ಬಾರವ್ವಾ ಒಳಗ" ಅಂದ ಮೇಲೆಯೇ ಒಳಗೆ ಕಾಲಿಡುತ್ತಿದ್ದಳು. ಪಡಸಾಲೆಯಲ್ಲಿ ಎದುರಿಗೇ ನಾನು ಕೂತಿದ್ದರೂ ನನ್ನನ್ನು ನೋಡುತ್ತಿರಲಿಲ್ಲ, ಅವ್ವನ ದನಿಗೆ ಕಾಯುತ್ತಿದ್ದಳು. ಮಂದಿಯ ಎದುರಿಗೆ ನಾವಿಬ್ಬರೂ 'ರಿ' ಹಚ್ಚಿಯೇ ಮಾತಾಡುತ್ತಿದ್ದೆವು. ಹೌದ್ರಿ, ಅಲ್ರಿ, ಬರ್ತೇನ್ರಿ. ಮೇಲೆ ಹೋದ ಮೇಲೆ ನೀ, ನಾ. ಮೆಟ್ಟಿಲ ಎಷ್ಟನೆಯದರಲ್ಲಿ ಆ 'ರಿ' ಉದುರುತ್ತದೆ ಎಂದು ಅವಳು ನನ್ನನ್ನು ಕಾಡಿಸುತ್ತಿದ್ದಳು.

ಕಾದಂಬರಿ ಹುಟ್ಟಿದ್ದು ಅಲ್ಲಿಂದ. ರಕ್ತ ಹೀರುವ ಪಿಶಾಚಿಗಳ ಪರದೇಶದ ಕಥೆಗಳನ್ನು ನಾನು ಚಿಕ್ಕಂದಿನಿಂದ ಹುಚ್ಚಿಯ ಹಾಗೆ ಓದಿದವಳು. ಅವುಗಳಲ್ಲಿ ಒಂದು ನಿಯಮ ಇರುತ್ತದೆ: ಮನೆಯವರು ಕರೆಯದೆ ಪಿಶಾಚಿ ಒಳಗೆ ಬರುವಂತಿಲ್ಲ. ಈ ನಿಯಮ ನಮ್ಮ ಜಿಲ್ಲೆಯಲ್ಲಿ ನಡೆಯುವ ಮಾತಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ "ಬರ್ರಿ, ಚಾ ಕುಡಿದು ಹೋಗ್ರಿ" ಎನ್ನುವ ಊರಿನಲ್ಲಿ ಪಿಶಾಚಿಗಳಿಗೆ ಸುಗ್ಗಿ. ಅದಕ್ಕೇ ನನ್ನ ಕಥೆಯಲ್ಲಿ ನಿಯಮವನ್ನು ಸ್ವಲ್ಪ ಬಿಗಿ ಮಾಡಿದೆ. 'ಬರ್ರಿ' ಅಂದರೆ ನನ್ನ ಪಿಶಾಚಿ ಹೆಂಗಸಿಗೆ ಹೊಸ್ತಿಲು ದಾಟಲು ಬರುವುದಿಲ್ಲ. ಅದು ಊರಿಗೆಲ್ಲ ಹೇಳುವ ಮಾತು. 'ಬಾ' ಅನ್ನಬೇಕು. ಅವಳನ್ನೇ ನೋಡಿ, ಅವಳಿಗೇ ಅನ್ನಬೇಕು.

ಕಥೆ ನಡೆಯುವುದು ಬಾದಾಮಿಯಲ್ಲಿ, ಬ್ರಿಟಿಷರ ಕಾಲದಲ್ಲಿ. ಕೆಂಪು ಬಂಡೆಗಳ ಬುಡಕ್ಕೆ ಒಂದು ದೊಡ್ಡ ವಾಡೆ. ವಾಡೆಯ ಮಗಳು ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಒಳಕೋಣೆ ಸೇರಿದವಳು. ಒಂದು ಸಂಜೆ ಕಮಾನು ಬಂಡಿಯಲ್ಲಿ ದೂರದ ಊರಿನ ಹೆಂಗಸೊಬ್ಬಳು ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಮಗಳು 'ಬಾ' ಅನ್ನುತ್ತಾಳೆ. ಆಮೇಲೆ ಕೆರೆಯ ಪಾವಟಿಗೆಗಳ ಮೇಲೆ ಒಂದೊಂದಾಗಿ ಹೆಣಗಳು ಸಿಗುತ್ತವೆ, ಕುತ್ತಿಗೆಯ ಮೇಲೆ ಎರಡು ತೂತು. ಊರಿಗೆ ಊರೇ ಹೊರಗಿನಿಂದ ಬಂದವಳ ಮೇಲೆ ಬೀಳುತ್ತದೆ. ಅವಳು ರಕ್ತ ಕುಡಿಯುವವಳು ಹೌದು, ಆದರೆ ವಾಡೆಯ ಮಗಳು ತಾನಾಗಿ ಕೈ ಚಾಚಿದಾಗ ಮಾತ್ರ. ಕೊಂದವನು ಬೇರೆ. ವಾಡೆಯ ಯಜಮಾನನೇ, ತನ್ನ ಗುಟ್ಟು ಗೊತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ಮುಗಿಸಿ, ಚೀಲ ಹೊಲಿಯುವ ದಬ್ಬಣದಿಂದ ತೂತು ಮಾಡುತ್ತಿದ್ದ. ಅದನ್ನು ಕಂಡುಹಿಡಿಯುವವಳು ಒಳಕೋಣೆಯ ಮಗಳು. ಕೊನೆಗೆ ಚಾವಡಿಯಲ್ಲಿ ಹಿರಿಯರು ಕೇಳುತ್ತಾರೆ, "ಈ ಹೆಣ್ಮಗಳು ನಿನಗ ಏನಾಗಬೇಕು?" ಅವಳು ತುಂಬಿದ ಸಭೆಯಲ್ಲಿ ಹೇಳುತ್ತಾಳೆ, "ಇಕಿ ನಮ್ಮಾಕಿ."

ನಮ್ಮ ಕಡೆ ಗಂಡಸರು ಹೆಂಡತಿಯ ಹೆಸರು ಹೇಳದೆ 'ನಮ್ಮಾಕಿ' ಎನ್ನುತ್ತಾರೆ. ಸಂತೆಯಲ್ಲಿ, ಬಸ್ಸಿನಲ್ಲಿ, ದವಾಖಾನೆಯ ಸಾಲಿನಲ್ಲಿ, ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಮಾತು. ಅದನ್ನು ಒಬ್ಬ ಹೆಂಗಸಿನ ಬಾಯಲ್ಲಿ ಇಟ್ಟು ನಾನು ಬಹಳ ಹೆಮ್ಮೆಪಟ್ಟೆ. ಇಬ್ಬರು ಹೆಂಗಸರ ಪ್ರೀತಿಯನ್ನು ಇದ್ದ ಹಾಗೆ ಬರೆಯುವ ಧೈರ್ಯ ನನಗಿರಲಿಲ್ಲ. ಒಬ್ಬಳಿಗೆ ಕೋರೆಹಲ್ಲು ಕೊಟ್ಟು, ಇಬ್ಬರನ್ನೂ ಹಿಂದಿನ ಕಾಲಕ್ಕೆ ಅಟ್ಟಿ, ಮೇಲೆ ನಾಲ್ಕು ಕೊಲೆ ಹಾಕಿದೆ. ಹಲ್ಲು ಕಂಡರೆ ಜನ ದೆವ್ವದ ಕಥೆಯೆಂದು ಓದಿಕೊಳ್ಳುತ್ತಾರೆ, ನನ್ನ ತಂಟೆಗೆ ಬರುವುದಿಲ್ಲ ಎಂಬುದು ನನ್ನ ಲೆಕ್ಕ. ಬರೆದದ್ದನ್ನು ಅವಳೇ ಮೊದಲು ಓದಿದಳು. "ನನಗ ಹಲ್ಲು ಚಲೋ ಒಪ್ಪತಾವ" ಎಂದು ಕನ್ನಡಿಯ ಮುಂದೆ ನಿಂತು ಬಾಯಿ ತೆರೆದು ನೋಡಿಕೊಂಡಳು. ಚಾವಡಿಯ ಪುಟಕ್ಕೆ ಬಂದಾಗ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು ಪುಟ ತಿರುಗಿಸಿದಳು.

ಪುಸ್ತಕದ ಬಿಡುಗಡೆ ಬಾಗಲಕೋಟೆಯ ನವನಗರದಲ್ಲಿ ಒಂದು ಸಣ್ಣ ಸಭಾಂಗಣದಲ್ಲಿ ಆಯಿತು. ಅವಳು ಕೆಲಸಕ್ಕೆ ರಜೆ ಹಾಕಿ ಬಂದಳು. ಮದುವೆ ಮುಂಜಿಗೆ ಎಂದು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ ಇಳಕಲ್ ಸೀರೆ ಉಟ್ಟಿದ್ದಳು, ಕೆಂಪು ಸೆರಗಿನದು. ನಾನು ಮಾತಾಡಿದೆ. ಪ್ರೀತಿ ಹೊಸ್ತಿಲಲ್ಲಿ ನಿಂತು ಕಾಯುವುದರ ಬಗ್ಗೆ, ಅದನ್ನು ಹೆಸರು ಹಿಡಿದು ಕರೆಯುವ ಧೈರ್ಯದ ಬಗ್ಗೆ. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಕೆಳಗಿಳಿದು ಬಂದಾಗ ನನಗೆ ಕೆಮ್ಮು ಹತ್ತಿತು. ಜನರ ನಡುವೆ ನುಗ್ಗಿ ಬಂದ ಅವಳು ನೀರಿನ ಬಾಟಲಿ ಚಾಚಿ, "ಮದ್ಲ ನೀರ ಕುಡಿ. ಮುಂಜಾನಿಂದ ಹೊಟ್ಟಿಗೂ ಏನೂ ತಗೊಂಡಿಲ್ಲ ನೀ" ಅಂದಳು.

'ನೀ' ಅಂದುಬಿಟ್ಟಿದ್ದಳು. ಎಲ್ಲರ ಎದುರಿಗೆ. ಆತಂಕದಲ್ಲಿ 'ರಿ' ಮರೆತಿತ್ತು.

ಸಭೆಯ ಅಧ್ಯಕ್ಷತೆ ವಹಿಸಿದ್ದ ಹಿರಿಯರು ನಗುತ್ತ ಕೇಳಿದರು, "ಇವರು ನಿಮಗ ಏನಾಗಬೇಕ್ರಿ ಮೇಡಂ?"

ನಾನು ನೀರು ಕುಡಿಯುತ್ತಲೇ ಹೇಳಿದೆ, "ಏನೂ ಆಗಬೇಕಾಗಿಲ್ರಿ. ನಮ್ಮನಿ ಮ್ಯಾಲ ಬಾಡಿಗಿ ಅದಾರ."

ಗೆಳತಿ ಅನ್ನಬಹುದಿತ್ತು. ಅಕ್ಕನ ಹಾಗೆ ಅನ್ನಬಹುದಿತ್ತು. ಸುಳ್ಳಿನಲ್ಲೂ ಮರ್ಯಾದೆಯ ಸುಳ್ಳು ಇರುತ್ತದೆ. ನಾನು ಆರಿಸಿಕೊಂಡದ್ದು 'ಏನೂ ಆಗಬೇಕಾಗಿಲ್ಲ'. ಅವಳು ಬಾಟಲಿಯ ಮುಚ್ಚಳ ಹಾಕಿ, "ಹೌದ್ರಿ, ಬಾಡಿಗಿ ಅದೇನಿ" ಎಂದು ಆ ಹಿರಿಯರಿಗೆ ಕೈಮುಗಿದಳು. ನನ್ನ ಮಾತನ್ನು ಗಟ್ಟಿ ಮಾಡಲು ಅವಳೇ ಸಾಕ್ಷಿ ನುಡಿದಳು. ಅದು ಇನ್ನೂ ಚುಚ್ಚುತ್ತದೆ.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಅಮೀನಗಡದಲ್ಲಿ ಇಳಿದು ಅವ್ವನಿಗೆಂದು ಕರದಂಟು ತಂದಳು, ಪ್ರತಿ ಸಲದ ಹಾಗೆ. ಜಗಳ ತೆಗೆಯಲಿ ಎಂದು ಕಾದೆ. ತೆಗೆದಿದ್ದರೆ ನನ್ನ ಹತ್ತಿರ ಉತ್ತರ ಸಿದ್ಧವಿತ್ತು: ನನ್ನ ನೌಕರಿ, ಓಣಿ, ಅವ್ವನ ವಯಸ್ಸು. ಹುನಗುಂದ ದಾಟಿದ ಮೇಲೆ ಒಂದೇ ಮಾತು ಆಡಿದಳು. "ನಿನ್ನ ಪುಸ್ತಕದಾಗಿನಾಕಿ ಭಾಳ ಗಟ್ಟಿಗಿತ್ತಿ ನೋಡು."

ಆಮೇಲೆ ಅವಳು ನನ್ನೊಡನೆ ಮಾತು ಬಿಡಲಿಲ್ಲ, ಆದರೆ ಮೇಲಿನ ಮನೆಯಲ್ಲೂ 'ರಿ' ಹಚ್ಚತೊಡಗಿದಳು. "ಕೂಡ್ರಿ." "ಚಾ ಮಾಡ್ಲೇನ್ರಿ?" ಮೊದಲ ದಿನ ತಮಾಷೆ ಅಂದುಕೊಂಡೆ. ನಾಲ್ಕು ದಿನಕ್ಕೆ ಉತ್ತರ ಪತ್ರಿಕೆ ಹಿಡಿದು ಮೇಲೆ ಹೋಗುವ ಮುಖ ನನಗೆ ಉಳಿಯಲಿಲ್ಲ. ಸ್ವಲ್ಪ ದಿನದಲ್ಲೇ, ಕುಳಗೇರಿ ಕ್ರಾಸ್‌ನಲ್ಲಿ ಹೊಸದೊಂದು ಲ್ಯಾಬು ತೆರೆಯುತ್ತಾರೆ, ತನ್ನ ತವರೂರಿಗೂ ಹತ್ತಿರ, ಅಲ್ಲಿ ಕೆಲಸ ಸಿಕ್ಕಿದೆ, ಮನೆ ಖಾಲಿ ಮಾಡುತ್ತೇನೆ ಎಂದು ಹೇಳಿದಳು. ಹೇಳಿದ್ದು ಅವ್ವನಿಗೆ. ನನಗೆ ಹೇಳಿದವಳು ಅವ್ವ, ರೊಟ್ಟಿ ಬಡಿಯುತ್ತ.

ಅವ್ವನ ಕಣ್ಣಿಗೆ ಆಗಷ್ಟೇ ಪೊರೆಯ ಆಪರೇಷನ್ ಆಗಿತ್ತು. ಓದಲು ಇನ್ನೂ ಬರುತ್ತಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಪೂಜೆ ಊಟ ಎಲ್ಲ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಾಗೇ ಇರುವಾಗ, "ನಿನ್ನ ಪುಸ್ತಕ ಓದಿ ಹೇಳು" ಅಂದಳು. ತಪ್ಪಿಸಿಕೊಳ್ಳಲು ನೋಡಿದೆ. "ದೆವ್ವದ ಕಥಿ ಅವ್ವಾ, ನಿನಗ್ಯಾಕ?" ಅಂದೆ. "ದೆವ್ವಕ್ಕ ನಾ ಹೆದರೂದಿಲ್ಲ, ಓದು" ಅಂದಳು.

ಓದಿದೆ. ಹೇಗೆ ಓದಿದೆ ಎಂದರೆ, ಇಬ್ಬರೂ ಕೈ ಹಿಡಿಯುವಲ್ಲಿ ಎರಡು ಪುಟ ಹಾರಿಸಿದೆ. ಒಳಕೋಣೆಯ ದೀಪ ಆರುವಲ್ಲಿ ಒಂದು ಅಧ್ಯಾಯವನ್ನೇ ನುಂಗಿದೆ. ಬರೆದವಳು ನಾನೇ ಆದ್ದರಿಂದ ಹೊಲಿಗೆ ಕಾಣದ ಹಾಗೆ ಜೋಡಿಸುವುದು ಕಷ್ಟವಾಗಲಿಲ್ಲ. ಹೆಣ, ದಬ್ಬಣ, ಯಜಮಾನ, ಇವನ್ನೆಲ್ಲ ಗಟ್ಟಿ ದನಿಯಲ್ಲಿ ಓದಿದೆ. ಚಾವಡಿಯ ಪುಟ ಬಂತು. "ಈ ಹೆಣ್ಮಗಳು ನಿನಗ ಏನಾಗಬೇಕು?" ಎಂದು ಓದಿ, ಪುಟದ ಮೇಲೆ ಅಚ್ಚಾದ ನನ್ನದೇ ಮಾತಿನ ಮೇಲೆ ಬೆರಳಿಟ್ಟು, "ಇಕಿ ನನ್ನ ಗೆಳತಿ" ಅಂದೆ.

ಅವ್ವ ಕಣ್ಣು ಮುಚ್ಚಿಕೊಂಡೇ ಕೇಳಿದಳು, "ಗೆಳತಿ ಅಂತ ಬರದೀಯೇನು?"

"ಹೂಂ."

"ಹಂಗಾರ ಮ್ಯಾಲಿನಾಕಿ ತಪ್ಪು ಓದಿದಳು ಬಿಡು."

ಆಪರೇಷನ್ ಆದ ವಾರ ನಾನು ಕಾಲೇಜಿಗೆ ಹೋದಾಗೆಲ್ಲ ಅವಳು ಕೆಳಗೆ ಬಂದು ಅವ್ವನ ಕಣ್ಣಿಗೆ ಹನಿ ಹಾಕಿ, ಊಟ ಬಡಿಸಿ, ಇಡೀ ಕಾದಂಬರಿ ಓದಿ ಹೇಳಿದ್ದಳಂತೆ. ಅದೂ ಬಾಗಲಕೋಟೆಯ ಆ ಸಭೆ ಆದ ಮೇಲೆ. ಅವ್ವ ಅಂದಳು, "ಅಕಿ ಒಂದ ಅಕ್ಷರ ಬಿಡಲಿಲ್ಲ. ನಾಚಿಕಿ ಬಂದಲ್ಲಿ ದನಿ ಸಣ್ಣ ಮಾಡಿದಳು, ಬಿಡಲಿಲ್ಲ. ನೀ ಬರದಾಕಿ, ನಿನಗ ಓದಾಕ ಬರವಲ್ದು."

ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. "ನಿನಗ ಏನ ಅನ್ನಸ್ತೋ ಅಂತ..." ಎಂದೇನೋ ತೊದಲಿದೆ.

"ನನ್ನ ಹೆಸರ ಹೇಳಬ್ಯಾಡ" ಅಂದಳು ಅವ್ವ. "ಅಕಿ ಬಾಗಲಕ್ಕ ಬಂದಾಗೊಮ್ಮೆ ಒಳಗ ಬಾ ಅಂದಾಕಿ ನಾನು. ನೀ ಎದರಿಗೇ ಕುಂತಿರತಿದ್ದಿ. ಇಷ್ಟ ವರ್ಷದಾಗ ಒಮ್ಮೆರ ಬಾ ಅಂದೀಯೇನು?"

ನೆನಪು ಮಾಡಿಕೊಂಡೆ. ಇಲ್ಲ. ಒಮ್ಮೆಯೂ ಇಲ್ಲ. ದನಿಯಲ್ಲಿ ಪ್ರೀತಿ ಕೇಳಿಸೀತು ಎಂದು ಹೆದರಿ ಸುಮ್ಮನೆ ಕೂತಿರುತ್ತಿದ್ದೆ. ಅಂಥವಳು 'ಬಾ' ಅನ್ನುವ ಒಂದು ಅಕ್ಷರದ ಮೇಲೆ ಇಡೀ ಕಾದಂಬರಿ ಕಟ್ಟಿದ್ದೆ.

ಇಷ್ಟಾದ ಮೇಲೆ ನನಗೆ ಬುದ್ಧಿ ಬಂತು ಎಂದು ಬರೆದರೆ ಚೆಂದ ಕಾಣುತ್ತದೆ. ಬರಲಿಲ್ಲ. ಅವಳು ಸಾಮಾನು ಕಟ್ಟಿದ ದಿನ ಸಣ್ಣ ಟೆಂಪೋ ಬಂದು ಬಾಗಿಲಿಗೆ ನಿಂತಿತು. ಓಣಿಯವರು ಕಟ್ಟೆಗಳ ಮೇಲೆ ಕೂತು ನೋಡುತ್ತಿದ್ದರು. ಊರ ಕಲ್ಲುಗಣಿಗಳ ಗ್ರಾನೈಟ್ ಧೂಳು ಮೆತ್ತಿದ ಆ ಬೆಳಗಿನಲ್ಲಿ ಅವಳು ಒಲೆ, ಹಾಸಿಗೆ, ಕನ್ನಡಿ ಒಂದೊಂದೇ ಇಳಿಸಿದಳು. ಎದುರು ಮನೆಯಾಕೆ ಕೂಗಿ ಕೇಳಿದಳು, "ಯಾಕ್ರಿ, ಅಕ್ಕಾರು ಎಲ್ಲಿಗೆ ಹೊಂಟರು?" ನಾನು ಅಂದೆ, "ಬಾಡಿಗಿಯವರು ಖಾಲಿ ಮಾಡಾಕತ್ತಾರ್ರಿ." ಎರಡನೆಯ ಸಲ. ಈ ಸಲ ಕೆಮ್ಮಿನ ನೆವವೂ ಇರಲಿಲ್ಲ.

ಅವಳು ಹೊಸ್ತಿಲ ಆಚೆಯೇ ಬಗ್ಗಿ ಅವ್ವನ ಕಾಲು ಮುಟ್ಟಿದಳು. ಅವ್ವ ಎದ್ದು ಬಾಗಿಲಿಗೆ ಬಂದು ಅವಳ ಕೆನ್ನೆ ಸವರಿದಳು, ಆದರೆ ಅಂದು ಒಳಗೆ ಕರೆಯಲಿಲ್ಲ. ಬೇಕೆಂದೇ ಕರೆಯಲಿಲ್ಲ. ನನ್ನ ಕಡೆ ತಿರುಗಿ ನೋಡಿದಳು. ನನ್ನ ಬಾಯಿಂದ ಹೊರಟದ್ದು, "ಹುಷಾರಾಗಿ ಹೋಗಿ ಬರ್ರಿ."

"ಬರ್ತೇನ್ರಿ" ಎಂದು ಅವಳು ಟೆಂಪೋ ಹತ್ತಿದಳು. ನಮ್ಮಲ್ಲಿ ಹೋಗುವವರೂ ಬರುತ್ತೇನೆ ಎಂದೇ ಹೇಳುತ್ತಾರೆ. ಅವ್ವ ಆ ದಿನ ನನ್ನ ಕೂಡ ಊಟಕ್ಕೆ ಕೂಡಲಿಲ್ಲ.

ಎಷ್ಟೋ ದಿನ ಬೆಳಗಾಗುವ ಮೊದಲು ಎಚ್ಚರವಾಗುತ್ತಿತ್ತು, ಅವಳು ಮೆಟ್ಟಿಲಿಳಿಯುವ ಹೊತ್ತಿಗೆ. ಮೆಟ್ಟಿಲು ಸುಮ್ಮನಿರುತ್ತಿತ್ತು. ಅವ್ವನ ರಕ್ತ ಪರೀಕ್ಷೆಗೆ ಬೇರೆ ಯಾರೋ ಹುಡುಗಿ ಬಂದು, ಯಾರನ್ನೂ ಕೇಳದೆ ನೇರ ಒಳಗೆ ನಡೆದು, ಕೈ ಚುಚ್ಚಿ ಹೋದಳು. ಪುಸ್ತಕಕ್ಕೆ ಒಳ್ಳೆಯ ಮಾತು ಬರುತ್ತಿತ್ತು. ಯಾರೋ ಫೋನ್ ಮಾಡಿ, "ಆ ಚಾವಡಿಯ ಸನ್ನಿವೇಶ ಭಾಳ ಧೈರ್ಯದ್ದು ಬಿಡ್ರಿ" ಅಂದರು. ಫೋನ್ ಇಟ್ಟು ಬಚ್ಚಲಿಗೆ ಹೋಗಿ ಅತ್ತೆ. ಹೊಗಳಿಕೆ ಕೇಳಿ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ಮರುದಿನ ಕಾಲೇಜಿಗೆ ರಜೆ ಹೇಳಿ ಬಾದಾಮಿಯ ಬಸ್ಸು ಹತ್ತಿದೆ.

ಬಾದಾಮಿಯಲ್ಲಿ ಇಳಿದಾಗ ಕೆಂಪು ಬಂಡೆಗಳ ಕಡೆ ನೋಡಲು ಮನಸ್ಸಾಗಲಿಲ್ಲ. ಇನ್ನೊಂದು ಬಸ್ಸು ಹಿಡಿದು ಕುಳಗೇರಿ ಕ್ರಾಸ್‌ಗೆ ಹೋದೆ. ಲ್ಯಾಬಿನಲ್ಲಿ ಕೇಳಿದರೆ ಮನೆಗೆ ಹೋಗಿದ್ದಾರೆ ಎಂದು ದಾರಿ ತೋರಿಸಿದರು. ಟೈರಿನ ಅಂಗಡಿಯ ಹಿಂದೆ ಒಂದು ಮನೆ, ಮುಂದೆ ಕಟ್ಟೆ. ಕಟ್ಟೆಯ ಮೇಲೆ ಮನೆಯೊಡತಿ, ವಯಸ್ಸಾದವಳು, ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಟೈರಿನ ಅಂಗಡಿಯ ಮುಂದೆ ನಾಲ್ಕೈದು ಗಂಡಸರು ಚಹಾ ಕುಡಿಯುತ್ತಿದ್ದರು.

ಯಾರನ್ನು ನೋಡಬೇಕೆಂದು ಹೇಳಿದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಒಳಗ ಅದಾಳವ್ವಾ" ಅಂದಳು. ಮೊರ ಕೆಳಗಿಟ್ಟು ಕೇಳಿದಳು, "ನಿನಗ ಏನಾಗಬೇಕು ಅಕಿ?"

ಗಂಡಸರು ತಿರುಗಿ ನೋಡಿದರು. ಕಿವಿ ಬಿಸಿಯಾಯಿತು, ಬಾಗಲಕೋಟೆಯಲ್ಲಿ ಆದ ಹಾಗೇ. 'ಗೆಳತಿ' ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದೆ.

"ನಮ್ಮಾಕಿ ಅಜ್ಜಿ" ಅಂದೆ. ಸಾಕಷ್ಟು ಗಟ್ಟಿಯಾಗಿ ಬರಲಿಲ್ಲ. ಅಜ್ಜಿಗೆ ಕಿವಿ ಸ್ವಲ್ಪ ಮಂದ. "ಏನಂದಿ?" ಎಂದಳು. ಇನ್ನೊಮ್ಮೆ ಅನ್ನಬೇಕಾಯಿತು, ಟೈರಿನ ಅಂಗಡಿಗೂ ಕೇಳುವ ಹಾಗೆ. "ನಮ್ಮಾಕಿ!"

ಅಜ್ಜಿ ಒಳಗೆ ಮುಖ ಮಾಡಿ ಕೂಗಿದಳು, "ಏ ತಂಗೀ, ಯಾರೋ ಬಂದಾರ ನೋಡು. ನೀ ಅವರಾಕಿ ಅಂತ!"

ಅವಳು ಬಾಗಿಲಿಗೆ ಬಂದಳು. ಕೈ ಒದ್ದೆಯಿತ್ತು, ಸೆರಗಿಗೆ ಒರೆಸಿಕೊಂಡಳು. ನನ್ನನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಅತ್ತಾಳು, ನಕ್ಕಾಳು ಎಂದು ಬಸ್ಸಿನಲ್ಲಿ ಏನೇನೋ ಅಂದುಕೊಂಡು ಬಂದಿದ್ದೆ. ಅವಳು ಬಾಗಿಲ ಚೌಕಟ್ಟು ಹಿಡಿದು, "ಬರ್ರಿ. ಚಾ ಕುಡಿದು ಹೋಗೀರಂತ" ಅಂದಳು.

ಬರ್ರಿ. ಊರಿಗೆಲ್ಲ ಹೇಳುವ ಮಾತು. ನಿಯಮ ಬರೆದವಳು ನಾನೇ, ಅದನ್ನು ಓದಿದವಳು ಅವಳು. ಹೊಸ್ತಿಲ ಈಚೆ ಚಪ್ಪಲಿ ಬಿಟ್ಟೆ, ಆದರೆ ದಾಟಲಿಲ್ಲ. ಕಟ್ಟೆಯ ಮೇಲೆ ಅಜ್ಜಿಯ ಪಕ್ಕ ಕೂತೆ. ಅವಳು ಇನ್ನೊಮ್ಮೆ ಕರೆಯಲಿಲ್ಲ, ಒಳಗೆ ಹೋದಳು. ಒಲೆ ಹೊತ್ತಿಸಿದ ಸದ್ದು ಕೇಳಿಸಿತು. ಆಮೇಲೆ ಎರಡು ಕಪ್ ಚಹಾ ಹೊರಗೆ ತಂದು, ಒಂದನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ತಾನು ಹೊಸ್ತಿಲ ಒಳಗೇ ಕೂತಳು. ಸಕ್ಕರೆ ನನಗೆ ಬೇಕಾದಷ್ಟೇ ಹಾಕಿದ್ದಳು. ಬಾದಾಮಿಯ ಕಡೆ ಹೋಗುವ ಬಸ್ಸೊಂದು ಹಾದುಹೋಯಿತು. ನಾನು ಏಳಲಿಲ್ಲ.

ಅಜ್ಜಿಗೆ ಇದೆಲ್ಲ ತಲೆಬುಡ ತಿಳಿಯಲಿಲ್ಲ. ಮೊರ ಬಡಿಯುತ್ತ ನನ್ನ ಕಡೆ ತಿರುಗಿ, "ನಿಮ್ಮಾಕಿ ಅಂತಿ, ಬಿಸಲಾಗ ಹೊರಗ ಕುಂತಿ. ಒಳಗ ಯಾಕ ಹೋಗವಲ್ಲಿ?" ಅಂದಳು.

"ನಮ್ಮಾಕಿ ಇನ್ನೂ ಕರದಿಲ್ಲ ಅಜ್ಜಿ" ಅಂದೆ.